ಎರಡು ತಟ್ಟೆಯ ಮನೆ

ಹತ್ತೊಂಬತ್ತು ವರ್ಷದ ಹಿಂದೆ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದ ಅಮ್ಮ, ಮಗಳ ಹೆಬ್ಬೆರಳು ಹಿಡಿದುಕೊಂಡು ಒಂದು ಮಾತು ತೆಗೆದುಕೊಂಡಳು. ಕೈಯಲ್ಲಿ ಬಲವಿರಲಿಲ್ಲ, ದನಿಯಲ್ಲಿ ಇತ್ತು.

“ನಮ್ಮನೇಲಿ ಎರಡು ಬಗೆ ಒಂದು ತಟ್ಟೇಲಿ ಕೂಡಬಾರದು. ನೀನೂ ತಿನ್ನಬಾರದು, ನಿನ್ನ ಹೊಟ್ಟೇಲಿ ಹುಟ್ಟೋರಿಗೂ ಬಡಿಸಬಾರದು. ಹೇಳು.”

“ಇಲ್ಲಮ್ಮ, ಕೂಡಿಸಲ್ಲ.”

“ಪೂರ್ತಿ ಹೇಳು.”

ಮಗಳು ಪೂರ್ತಿ ಹೇಳಿದಳು. ಹೇಳಿದ ಎಂಟನೇ ದಿನಕ್ಕೆ ಅಮ್ಮ ಹೋದಳು. ಮಾತು ಮಾತ್ರ ಮನೆಗೆ ಬಂತು.

ಎರಡು ಬಗೆ ಅಂದರೆ ಇಷ್ಟೇ. ಬ್ರೆಡ್ಡು, ಅನ್ನ, ಆಲೂಗಡ್ಡೆ ಒಂದು ಬಗೆ. ಮೊಟ್ಟೆ, ಮೀನು, ಮಾಂಸ, ಹಾಲು ಇನ್ನೊಂದು ಬಗೆ. ಇವು ಹೊಟ್ಟೆಯೊಳಗೆ ಒಂದನ್ನೊಂದು ಕಂಡರೆ ಆಗದ ಓರಗಿತ್ತಿಯರ ಹಾಗೆ. ಒಟ್ಟಿಗೆ ಹೋದರೆ ಜಗಳ ಬಿದ್ದು ಎರಡೂ ಕೊಳೆಯುತ್ತವೆ, ಕೊಳೆತದ್ದು ಕೊಬ್ಬಾಗುತ್ತದೆ ಎಂಬುದು ಅಮ್ಮನ ನಂಬಿಕೆ. ಹಣ್ಣು ಯಾರ ಜೊತೆಗೂ ಸೇರುವಂತಿಲ್ಲ, ಅದು ಬೆಳಗ್ಗೆ ಒಂಟಿಯಾಗಿಯೇ ಬರಬೇಕು. ಹಣ್ಣಾದ ಮೇಲೆ ಅರ್ಧ ಗಂಟೆ, ಬ್ರೆಡ್ಡಾದ ಮೇಲೆ ಮೂರು ಗಂಟೆ, ಮೊಟ್ಟೆಯಾದ ಮೇಲೆ ನಾಲ್ಕು ಗಂಟೆ ಬಾಯಿ ಕಟ್ಟಬೇಕು. ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕೂತಿದ್ದಾಗ ಹಳೆಯ ಪತ್ರಿಕೆಯೊಂದರಲ್ಲಿ ಇದನ್ನೆಲ್ಲ ಓದಿದ್ದ ಅಮ್ಮ, ಮನೆಗೆ ಬಂದು ಬಟ್ಟೆ ಕತ್ತರಿಸಲು ಅಳತೆ ಬರೆದುಕೊಳ್ಳುವ ಕಂದು ಕಾಗದದ ಮೇಲೆ ಎರಡು ಸಾಲು ಎಳೆದು ಪಟ್ಟಿ ಮಾಡಿ, ಮೇಲೆ ತಾರೀಖು ಹಾಕಿ, ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದಳು. ತಾರೀಖು ಹಾಕದೆ ಅವಳು ಒಂದು ಗುಂಡಿಯನ್ನೂ ಹೊಲಿದವಳಲ್ಲ.

ಅಮ್ಮ ಟೈಲರು. ಮಗಳೂ ಟೈಲರು. ಅಮ್ಮನ ಹೊಲಿಗೆ ಯಂತ್ರವನ್ನೇ ಈಗಲೂ ತುಳಿಯುವ ಈ ಮಗಳನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವುದು. ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ, ಮೇಲೆ ಎರಡು ಮಲಗುವ ಕೋಣೆ. ಗಂಡ ಸಿಟಿ ಬಸ್ಸಿನ ಡ್ರೈವರು. ಹದಿನೈದು ವರ್ಷದ ಒಬ್ಬಳೇ ಮಗಳು. ತೊಟ್ಟಿಲಿಂದ ಇಳಿದ ದಿನದಿಂದ ಓಡಿದ್ದೇ ಓಡಿದ್ದು, ಬಾಯಿ ಬಂದ ದಿನದಿಂದ ಮಾತಾಡಿದ್ದೇ ಮಾತಾಡಿದ್ದು. ಹಾಗಾಗಿ ಅಪ್ಪ ಅವಳಿಗೆ ಇಟ್ಟ ಹೆಸರು ನಾನ್‌ಸ್ಟಾಪ್.

ಗಂಡನಿಗೆ ಮದುವೆಗೆ ಮೊದಲೇ ಈ ವಿಷಯ ಹೇಳಿಯಾಗಿತ್ತು. ಅವನೇನೂ ತಕರಾರು ಮಾಡಲಿಲ್ಲ. ಮನೆಯಲ್ಲಿ ಎರಡು ತಟ್ಟೆ, ಎರಡು ಹೊತ್ತು ಎಂದು ಸುಮ್ಮನೆ ಉಂಡ. ಡಿಪೋದ ಕ್ಯಾಂಟೀನಿನಲ್ಲಿ ಮಾತ್ರ ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು ಬಾಯಿ ತುಂಬ ತಿಂದು ಬರುತ್ತಿದ್ದ. “ನನ್ನ ಹೊಟ್ಟೆ ನನ್ನ ಬಸ್ಸಿದ್ದ ಹಾಗೆ ಕಣೇ, ಯಾರು ಯಾರ ಪಕ್ಕ ಕೂತರೂ ಕೊನೇ ಸ್ಟಾಪಲ್ಲಿ ಎಲ್ಲರೂ ಇಳೀಲೇಬೇಕು” ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಅವನ ಅಂಗಿಯ ಮೇಲೆ ಮೊಟ್ಟೆಯ ಹಳದಿ ಕಂಡರೆ ಒಗೆಯುವ ಮೊದಲು ಒಮ್ಮೆ ಮುಂದಿನ ಕೋಣೆಯ ಕಡೆ ತಿರುಗಿ ನೋಡುತ್ತಿದ್ದಳು.

ಮುಂದಿನ ಕೋಣೆಯಲ್ಲಿ ಅಮ್ಮ ಇದ್ದಳು.

ಅಂದರೆ ಅಮ್ಮನ ಅಳತೆಯ ಬೊಂಬೆ ಇತ್ತು. ತಲೆ ಇಲ್ಲದ, ಕೈ ಇಲ್ಲದ, ಒಂದೇ ಕಾಲಿನ ಕೆಳಗೆ ಮೂರು ಪುಟ್ಟ ಗಾಲಿಗಳ ಬೊಂಬೆ. ಎದೆ, ಸೊಂಟ, ಪಿರ್ರೆಗೆ ಒಂದೊಂದು ತಿರುಪು. ತಿರುಗಿಸಿದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಮ್ಮನ ಕೊನೆಯ ಅಳತೆಗೆ ತಿರುಗಿಸಿಟ್ಟಿದ್ದ ತಿರುಪನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ಅಮ್ಮನ ಹಸಿರು ಉಣ್ಣೆಯ ಕೋಟು ತೊಡಿಸಿತ್ತು. ಜೇಬಿನಲ್ಲಿ ನುಸಿಗುಳಿಗೆ. ರಾತ್ರಿ ಅಂಗಡಿ ಮುಚ್ಚುವಾಗ ಟೈಲರಮ್ಮ ಅದನ್ನು ಬೀದಿಯ ಕಡೆಗೆ ತಿರುಗಿಸಿಟ್ಟು ಹೋದರೆ, ವಾರಕ್ಕೊಂದೆರಡು ಬಾರಿ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಅದು ಒಂದು ಗೇಣು ಸರಿದು ಅಡುಗೆಮನೆಯ ಕಡೆ ಎದೆ ಮಾಡಿ ನಿಂತಿರುತ್ತಿತ್ತು. ನೆಲ ಆ ಕಡೆಗೆ ಇಳಿಜಾರಾಗಿದೆ, ಗಾಲಿ ಉರುಳುತ್ತದೆ ಎಂದು ಗಂಡ ಗೋಲಿ ಬಿಟ್ಟು ತೋರಿಸಿದ್ದ. ಗೋಲಿ ನಿಜವಾಗಿಯೂ ಅಡುಗೆಮನೆಗೇ ಉರುಳಿತ್ತು. ಅವಳು ತಲೆಯಾಡಿಸಿ ಒಪ್ಪಿದ್ದಳು. ಒಪ್ಪಿದ್ದು ತಲೆ ಮಾತ್ರ.

ಅಮ್ಮನದು ಎಂದು ಉಳಿದ ಇನ್ನೊಂದು, ಅಲಾರಂ ಗಡಿಯಾರ. ಊಟಕ್ಕೂ ಊಟಕ್ಕೂ ನಡುವಿನ ಹೊತ್ತು ಅಳೆಯಲು ಅಮ್ಮ ಇಟ್ಟುಕೊಂಡಿದ್ದದ್ದು. ಕೀ ಕೊಟ್ಟರೆ ಇವತ್ತಿಗೂ ನಡೆಯುತ್ತದೆ, ಹೊತ್ತಾದರೆ ಗಂಟಲು ಕಟ್ಟಿದವರ ಹಾಗೆ ಕೆರೆಯುತ್ತದೆ. ಟೈಲರಮ್ಮ ಪ್ರತಿ ಊಟದ ಮೇಲೂ ಅದಕ್ಕೆ ಕೀ ಕೊಡುತ್ತಿದ್ದಳು. ಎರಡು ತಟ್ಟೆ ಒಂದಕ್ಕೊಂದು ತಾಗಿ ಠಣ್ಣೆಂದರೆ ಅವಳ ಬೆನ್ನು ಸೆಟೆಯುತ್ತಿತ್ತು. ಅನ್ನದ ಒಂದು ಅಗುಳು ಹಾಲಿನ ಲೋಟದೊಳಗೆ ಬಿದ್ದರೆ ಆ ಹಾಲು ನೇರ ಬಚ್ಚಲಿಗೆ.

ಇಷ್ಟೆಲ್ಲ ಯಾಕೆ ಎಂದರೆ, ಅವಳು ಒಂದು ಸಲ ಕೂಡಿಸಿದ್ದಳು.

ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅಮ್ಮ ಎರಡು ತಟ್ಟೆ ಹಿಡಿದು ವರ್ಷವಾಗಿತ್ತು. ಸಣ್ಣಗಾಗಿದ್ದಳು, ಬೀದಿಯೆಲ್ಲ ಬೆರಗಾಗುವಷ್ಟು. ಗಿರಾಕಿಗಳು ಬಟ್ಟೆಯ ಮಾತು ಬಿಟ್ಟು ಅದೇ ಕೇಳುತ್ತಿದ್ದರು: ಏನು ತಿಂತೀರಿ, ಹೇಗೆ ತಿಂತೀರಿ. ಅಮ್ಮ ಕಪಾಟಿನ ಬಾಗಿಲು ತೆರೆದು ಪಟ್ಟಿ ತೋರಿಸುತ್ತಿದ್ದಳು. ಬೀದಿಯ ಬೇಕರಿಯವನು ಮಾತ್ರ ಒಮ್ಮೆ, ಹುರುಳಿಕಾಯಿ ಕಾಳಿನಲ್ಲಿ ಎರಡೂ ಬಗೆ ಇರುತ್ತಂತಲ್ಲ, ಅದು ಯಾವ ತಟ್ಟೆಗೆ ಎಂದು ಕೇಳಿ ಅವಳನ್ನು ಸಿಕ್ಕಿಸಿಹಾಕಿದ್ದ. ಅಮ್ಮ ಎರಡು ದಿನ ಯೋಚಿಸಿ ಮೂರನೇ ದಿನ ಕಾಳನ್ನೇ ಮನೆಯಿಂದ ಓಡಿಸಿದಳು. ಅವತ್ತಿನಿಂದ ಆ ಮನೆಗೆ ಕಾಳು ಬಂದಿಲ್ಲ.

ಮೆಚ್ಚುಗೆ ಎಲ್ಲ ಮುಗಿಯುತ್ತ ಬಂದಾಗ ಅಮ್ಮ ಹೊಲಿಗೆ ಯಂತ್ರ ತುಳಿಯಲೂ ಆಗದಷ್ಟು ಸೋತಿದ್ದಳು. ನೋಡಲಾರದೆ ಮಗಳು ಒಂದು ಮಧ್ಯಾಹ್ನ ಹಿಸುಕಿದ ಆಲೂಗಡ್ಡೆಯೊಳಗೆ ಒಂದು ಮೊಟ್ಟೆ ಒಡೆದು, ಕಾಣದಂತೆ ಕಲಸಿ, ಬಿಸಿ ಮಾಡಿ ಕೊಟ್ಟಳು. ಅಮ್ಮ ನಾಲ್ಕು ಚಮಚ ತಿಂದಳು. ಐದನೆಯದಕ್ಕೆ ಚಮಚ ಕೆಳಗಿಟ್ಟು ಮಗಳ ಮುಖ ನೋಡಿದಳು. “ಏನು ಹಾಕಿದೀಯ ಇದಕ್ಕೆ?” ಸಂಜೆಯೊಳಗೆ ವಾಂತಿ ಶುರುವಾಯಿತು, ಮರುದಿನ ಆಸ್ಪತ್ರೆ, ಹೊಟ್ಟೆಯಲ್ಲಿ ಗಡ್ಡೆ ಅಂದರು, ಮೂರು ವಾರಕ್ಕೆ ಎಲ್ಲ ಮುಗಿಯಿತು. ಅಮ್ಮ ಮೊದಲು ಸಣ್ಣಗಾದದ್ದು ಪಥ್ಯದಿಂದ, ಆಮೇಲೆ ಸತ್ತದ್ದು ಕಾಯಿಲೆಯಿಂದ ಎಂದು ಮಗಳು ಎಲ್ಲರಿಗೂ ಹೇಳುತ್ತಿದ್ದಳು. ಆ ಎರಡು ಸಂಗತಿಗಳನ್ನೂ ಬೇರೆ ಬೇರೆ ತಟ್ಟೆಯಲ್ಲೇ ಇಟ್ಟಿದ್ದಳು. ನಡುವೆ ಒಂದು ಮೊಟ್ಟೆ ಇತ್ತು ಎಂಬುದು ಅವಳಿಗೆ ಮತ್ತು ಬೊಂಬೆಗೆ ಮಾತ್ರ ಗೊತ್ತಿತ್ತು.

ಈ ವರ್ಷ ಚಳಿ ಬೇಗ ಬಂತು. ಶಾಲೆಯ ಓಟದ ತಂಡಕ್ಕೆ ನಾನ್‌ಸ್ಟಾಪ್ ಆರಿಸಿಬಂದಳು. ಎಂಟುನೂರು ಮೀಟರು, ಮೈದಾನಕ್ಕೆ ಎರಡು ಸುತ್ತು. ಮೈ ಹಗುರ ಇದ್ದರೆ ಕೊನೆಯ ನೂರು ಮೀಟರು ತಾನೇ ಬರುತ್ತದೆ ಎಂದು ಪಿ.ಟಿ. ಮೇಷ್ಟ್ರು ಯಾರಿಗೋ ಹೇಳಿದ್ದನ್ನು ಇವಳು ತನಗೇ ಹೇಳಿದ್ದು ಎಂದುಕೊಂಡಳು. ಮನೆಯಲ್ಲಿ ಮೊದಲೇ ಎರಡು ತಟ್ಟೆ, ಗಡಿಯಾರ, ಕಪಾಟಿನ ಪಟ್ಟಿ ಎಲ್ಲ ಇದ್ದವು. ಹೊಸದಾಗಿ ಏನೂ ಮಾಡಬೇಕಿರಲಿಲ್ಲ. ಇದ್ದದ್ದನ್ನೇ ಸ್ವಲ್ಪ ಬಿಗಿ ಮಾಡಿದರೆ ಸಾಕಿತ್ತು. ಮೂರು ಗಂಟೆ ಐದಾಯಿತು, ನಾಲ್ಕು ಏಳಾಯಿತು. ಬೆಳಗಿನ ಹಣ್ಣೇ ಮಧ್ಯಾಹ್ನದ ಊಟವೂ ಆಯಿತು. ಕೇಳಿದರೆ, ಇನ್ನೂ ಹಿಂದಿನದು ಜೀರ್ಣ ಆಗಿಲ್ಲಮ್ಮ ಅನ್ನುತ್ತಿದ್ದಳು. ಆ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ.

ಟೈಲರಮ್ಮನಿಗೆ ಕಾಣಲಿಲ್ಲವೇ ಎಂದರೆ, ಸೀಸನ್ನಿನ ಕೆಲಸ. ಒಂದು ನರ್ಸಿಂಗ್ ಶಾಲೆಯ ನಲವತ್ತು ಜೊತೆ ಸಮವಸ್ತ್ರ ಹೊಲಿಯಲಿಕ್ಕಿತ್ತು. ಬೆಳಗ್ಗೆ ಮಗಳು ಹೋಗುವಾಗ ಬಾಯಲ್ಲಿ ಗುಂಡುಪಿನ್ನು, ಸಂಜೆ ಬರುವಾಗಲೂ ಬಾಯಲ್ಲಿ ಗುಂಡುಪಿನ್ನು. ತಲೆ ಎತ್ತಿ ನೋಡಿದರೂ ಕೇಳಲು ಬಾಯಿ ಬಿಡುವಿರಲಿಲ್ಲ. ಗಂಡ ಒಮ್ಮೆ, ನಮ್ಮ ನಾನ್‌ಸ್ಟಾಪ್ ಯಾಕೋ ಇತ್ತೀಚೆಗೆ ಎಲ್ಲ ಸ್ಟಾಪಲ್ಲೂ ನಿಲ್ತಿದೆ, ಎರಡು ಮಾತಾಡಿ ಸುಮ್ಮನಾಗುತ್ತೆ ಅಂದ. ವಯಸ್ಸು, ಎಂದಳು ಅವಳು.

ಆದರೆ ಕೋಟು ಏನೋ ಹೇಳುತ್ತಿತ್ತು. ಒಂದು ಬೆಳಗ್ಗೆ ಅದರ ಕೆಳಗಿನ ಗುಂಡಿ ಬಿಚ್ಚಿತ್ತು. ಅವಳು ಹಾಕಿದಳು. ಇನ್ನೊಂದು ದಿನ ಕಾಲರು ಮಡಚಿಕೊಂಡಿತ್ತು. ಮತ್ತೊಂದು ದಿನ, ಎರಡು ಗಂಟೆಯ ಮಧ್ಯಾಹ್ನ, ಮಾರುಕಟ್ಟೆಯಿಂದ ನೂಲು ತಂದು ಒಳಗೆ ಬಂದವಳು ಏಕೋ ಕೋಟಿನ ಮೇಲೆ ಕೈಯಿಟ್ಟಳು. ಉಣ್ಣೆ ಬೆಚ್ಚಗಿತ್ತು. ಒಳಗಿನಿಂದ ಬೆಚ್ಚಗಿತ್ತು, ಯಾರೋ ಈಗ ತಾನೆ ಬಿಚ್ಚಿಟ್ಟು ಹೋದ ಹಾಗೆ. ಮನೆಯಲ್ಲಿ ಯಾರೂ ಇಲ್ಲ ಎಂದೇ ಅವಳು ತಿಳಿದಿದ್ದಳು. ಶಾಲೆಗೆ ಅರ್ಧ ದಿನ ಎಂಬುದು ಮರೆತಿತ್ತು. ಅಡುಗೆಮನೆಯಲ್ಲಿ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ಬೆಳಗ್ಗೆ ಅದಕ್ಕೆ ಕೀ ಕೊಟ್ಟ ನೆನಪು ಅವಳಿಗಿರಲಿಲ್ಲ. ಅವಳು ನೂಲಿನ ಚೀಲವನ್ನು ಎದೆಗೆ ಅವಚಿಕೊಂಡು, ನಡುಹಗಲಲ್ಲಿ, ತನ್ನದೇ ಅಂಗಡಿಯಲ್ಲಿ, ಸಣ್ಣ ದನಿಯಲ್ಲಿ ಅಂದಳು: “ಕೂಡಿಸಿಲ್ಲಮ್ಮ. ಒಂದು ದಿನವೂ ಕೂಡಿಸಿಲ್ಲ.”

ಅದಾದ ನಾಲ್ಕನೇ ದಿನ ಭಾನುವಾರ. ಇಳಿಹೊತ್ತು. ಹಿತ್ತಿಲಲ್ಲಿ ಬಟ್ಟೆ ತೆಗೆದುಕೊಂಡು ಒಳಬಂದರೆ, ಅಂಗಡಿಯ ನಿಲುವುಗನ್ನಡಿಯ ಎದುರು ಅಮ್ಮ ನಿಂತಿದ್ದಳು.

ಹಸಿರು ಕೋಟು, ಬಾಗಿದ ಕುತ್ತಿಗೆ, ಪಕ್ಕೆಲುಬಿನ ಕೆಳಗೆ ಎಡಗೈ. ಬೊಂಬೆ ಬರಿ ಮೈಯಲ್ಲಿ ಮೂಲೆಯಲ್ಲಿತ್ತು. ಟೈಲರಮ್ಮನ ಕೈಯಿಂದ ಬಟ್ಟೆ ಜಾರಿತು. ಕನ್ನಡಿಯ ಮುಂದೆ ನಿಂತವಳು ತಿರುಗಲಿಲ್ಲ. ಸೊಂಟದ ಹತ್ತಿರ ಜೋಲುತ್ತಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಅಮ್ಮ ಹೇಳುತ್ತಿದ್ದ ಮಾತನ್ನು ಅಮ್ಮ ಹೇಳುತ್ತಿದ್ದ ಹಾಗೆಯೇ ಹೇಳಿದಳು.

“ಇಲ್ಲಿ ಸ್ವಲ್ಪ ಹಿಡೀತೀಯಾ? ಸಡಿಲ ಆಗಿದೆ.”

ನಾನ್‌ಸ್ಟಾಪ್. ಹದಿನೈದರ ಹುಡುಗಿ. ಸಾಯುವ ಮುಂಚಿನ ಅಮ್ಮನ ಅಳತೆಗೆ ಹಿಡಿಸಿದ ಕೋಟು ಅವಳಿಗೆ ದೊಡ್ಡದಾಗಿತ್ತು.

“ಎಷ್ಟು ದಿನದಿಂದ ಹಾಕ್ಕೊಂಡು ನೋಡ್ತಿದೀಯ?” ಎಂದು ಕೇಳಿದಳು ಟೈಲರಮ್ಮ.

“ದಿನಾ. ಮೊದಲು ಗುಂಡಿ ಹತ್ತುತ್ತಿರಲಿಲ್ಲ ಗೊತ್ತಾ?” ಹುಡುಗಿಯ ಮುಖದಲ್ಲಿ ಗೆಲುವಿತ್ತು. “ಅಜ್ಜಿಯೂ ಹೀಗೇ ಅಲ್ವಾ ಸಣ್ಣ ಆಗಿದ್ದು? ನೀನೇ ಹೇಳ್ತೀಯಲ್ಲ ಎಲ್ಲರಿಗೂ. ನಾನು ಇನ್ನೂ ಸ್ಟ್ರಿಕ್ಟು.”

ಟೈಲರಮ್ಮ ಕೋಟು ಬಿಚ್ಚಿಸಿದಳು. ಅಮ್ಮನಿಗೆ ಕೊಟ್ಟ ಮಾತು ಅಡ್ಡ ನಿಂತಿತ್ತು. ಆ ಸಂಜೆ ಮಗಳ ತಟ್ಟೆಗೆ ಎರಡು ಚೂರು ಬ್ರೆಡ್ಡು ಹೆಚ್ಚಿಗೆ ಹಾಕಿದಳು, ಅಷ್ಟೇ. ಅವು ಬೆಳಗ್ಗೆ ಕಸದ ಬುಟ್ಟಿಯಲ್ಲಿ ಸಿಕ್ಕವು.

ಮಂಗಳವಾರ ಪಿ.ಟಿ. ಮೇಷ್ಟ್ರ ಫೋನು ಬಂತು. ಎರಡನೇ ಸುತ್ತಿನಲ್ಲಿ ಹುಡುಗಿ ಓಡುತ್ತ ಓಡುತ್ತ ನಿಂತಳಂತೆ, ನಿಂತು ಹಾಗೆಯೇ ಕೂತಳಂತೆ, ಕೂತವಳು ಏಳಲಿಲ್ಲವಂತೆ.

ಬೀದಿ ಕೊನೆಯ ದವಾಖಾನೆಯ ಡಾಕ್ಟರಮ್ಮ ಟೈಲರಮ್ಮನ ಹಳೆಯ ಗಿರಾಕಿ. ಅವರ ಬಿಳಿ ಕೋಟುಗಳನ್ನೆಲ್ಲ ಹೊಲಿದವಳು ಇವಳೇ. ಕೈ ಮೊಣಕೈವರೆಗೆ ಇಳಿಯುವಷ್ಟು ಜೇಬು ಆಳ ಇರಬೇಕು ಎಂಬುದು ಅವರ ಒಂದೇ ಬೇಡಿಕೆ. ಅವರು ಹುಡುಗಿಯನ್ನು ತೂಗಿದರು, ರಕ್ತದ ಒತ್ತಡ ನೋಡಿದರು, ಉಗುರು ನೋಡಿದರು, ಪರದೆಯ ಹಿಂದೆ ಕರೆದುಕೊಂಡು ಹೋಗಿ ಏನೇನೋ ಕೇಳಿದರು. ಆಮೇಲೆ ಅವಳನ್ನು ಒಳಗೇ ಮಲಗಿಸಿ ತಾಯಿಯನ್ನು ಎದುರು ಕೂರಿಸಿಕೊಂಡರು. ಮೂರು ತಿಂಗಳಿಂದ ಮುಟ್ಟಾಗಿಲ್ಲ, ನಿಮಗೆ ಗೊತ್ತಾ ಎಂದರು. ಗೊತ್ತಿರಲಿಲ್ಲ. ಏಳು ಕಿಲೋ ಇಳಿದಿದ್ದಾಳೆ. ಮೈ ತನ್ನನ್ನೇ ತಿಂತಿದೆ, ಹೀಗೇ ಬಿಟ್ಟರೆ ಮೊದಲು ಮೂಳೆ, ಆಮೇಲೆ ಹೃದಯ ಎಂದರು.

ಟೈಲರಮ್ಮ ಎಲ್ಲ ಹೇಳಿದಳು. ಎರಡು ತಟ್ಟೆ, ಗಡಿಯಾರ, ಪಟ್ಟಿ. ಹೇಳುತ್ತ ಹೇಳುತ್ತ, ಹತ್ತೊಂಬತ್ತು ವರ್ಷ ಬಾಯಿ ಬಿಡದಿದ್ದ ಮೊಟ್ಟೆಯ ವಿಷಯವೂ ಹೊರಬಂತು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಕೇಳಿದರು.

ಬೇರೆ ಬೇರೆ ತಿಂದರೆ ಸಣ್ಣಗಾಗುತ್ತಾರಾ ಎಂದು ಅನೇಕರು ಕೇಳುತ್ತಾರೆ, ಆಗುವವರು ಆಗುತ್ತಾರೆ ಎಂದರು ಅವರು. ಯಾಕೆಂದರೆ ಇಷ್ಟೊಂದು ಕಟ್ಟುಪಾಡಿನಲ್ಲಿ ತಿನ್ನುವುದೇ ಕಡಿಮೆಯಾಗುತ್ತದೆ. ಅಷ್ಟೇ ಕಡಿಮೆ ಊಟವನ್ನು ಕೂಡಿಸಿ ತಿಂದವರೂ ಅಷ್ಟೇ ಇಳಿಯುತ್ತಾರೆ. ಪರೀಕ್ಷೆ ಮಾಡಿ ನೋಡಿದ್ದಾರೆ, ವ್ಯತ್ಯಾಸ ಕಂಡಿಲ್ಲ. ಹೊಟ್ಟೆಯಲ್ಲಿ ಏನೂ ಜಗಳ ಬೀಳುವುದಿಲ್ಲ. ಎಲ್ಲ ಬಗೆಯನ್ನೂ ಒಟ್ಟಿಗೆ ಅರಗಿಸಲಿಕ್ಕೆಂದೇ ಅದು ಇರುವುದು. ಓಡುವ ಹುಡುಗಿಗಂತೂ ಬ್ರೆಡ್ಡೂ ಬೇಕು, ಮೊಟ್ಟೆಯೂ ಬೇಕು, ಸಾಕಷ್ಟು ಬೇಕು. ಅವರು ಇನ್ನೊಂದು ಮಾತು ಹೇಳಿದರು, ನಗದೆ: “ತಾಯಿ ಹಾಲಿನಲ್ಲೇ ಎರಡೂ ಬಗೆ ಇರುತ್ತಮ್ಮ. ನಿಮ್ಮಮ್ಮ ನಿಮಗೆ ಮೊದಲ ದಿನವೇ ಕೂಡಿಸಿ ಕೊಟ್ಟಿದ್ದಾರೆ.”

“ಹಾಗಾದರೆ ಆ ಮೊಟ್ಟೆ?”

“ಆ ಮೊಟ್ಟೆ ಏನೂ ಮಾಡಿಲ್ಲ. ಗಡ್ಡೆ ಅದಕ್ಕೂ ಎಷ್ಟೋ ಮೊದಲೇ ಇತ್ತು. ನಿಮ್ಮಮ್ಮ ಇಳಿಯೋಕೆ ಶುರು ಮಾಡಿದ್ದು ಯಾವಾಗ?”

“ಪಥ್ಯ ಹಿಡಿದ ಮೇಲೆ” ಎಂದಳು ಟೈಲರಮ್ಮ.

“ಖಂಡಿತವಾ?”

ವಾರಕ್ಕೊಮ್ಮೆ ಹುಡುಗಿಯನ್ನು ಕರೆತರಬೇಕು, ಓಟ ಸದ್ಯಕ್ಕೆ ಬಂದ್, ಬರಿಯ ಊಟದ ವಿಷಯವಲ್ಲ, ಮಾತಾಡಿಸುವವರೊಬ್ಬರ ಬಳಿಗೂ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಚೀಟಿ ಬರೆದರು. ಆದರೆ ಮನೆಯಲ್ಲಿ ಶುರು ಮಾಡಬೇಕಾದವರು ನೀವು, ಎಂದರು. ಆ ತಟ್ಟೆ ಒಂದಾಗದಿದ್ದರೆ ನನ್ನ ಚೀಟಿಯಿಂದ ಏನೂ ಆಗುವುದಿಲ್ಲ.

ಮನೆಗೆ ಬಂದು ಮಗಳನ್ನು ಮಲಗಿಸಿ, ಟೈಲರಮ್ಮ ಅಟ್ಟದ ಪೆಟ್ಟಿಗೆಯಿಂದ ಅಮ್ಮನ ಕಾಲದ ಅಳತೆ ಪುಸ್ತಕ ಇಳಿಸಿದಳು. ಅವರ ಮನೆಯಲ್ಲಿ ತೂಕದ ಯಂತ್ರ ಇದ್ದದ್ದೇ ಇಲ್ಲ. ಮೈಯ ಸುದ್ದಿ ಗೊತ್ತಾಗುತ್ತಿದ್ದದ್ದು ಟೇಪಿನಿಂದ. ಅಮ್ಮ ಒಂದು ಪಾಠ ಕಲಿಸಿದ್ದಳು: ಸಡಿಲಾದ ಬಟ್ಟೆ ಹಿಡಿಸುವಾಗ ಹೆಚ್ಚಾದದ್ದನ್ನು ಕತ್ತರಿಸಬೇಡ, ಒಳಗೆ ಮಡಚಿ ಹೊಲಿ, ಮನುಷ್ಯರು ಮತ್ತೆ ಮೈ ತುಂಬಿಕೊಳ್ಳುತ್ತಾರೆ. ಹಿಡಿಸಿದ ಪ್ರತಿ ಸಲವೂ ತಾರೀಖು, ಎಷ್ಟು ಇಂಚು, ಯಾಕೆ ಎಂದು ಬರೆ. ಹಸಿರು ಕೋಟನ್ನು ಆರು ಸಲ ಹಿಡಿಸಿದ್ದು ಅವಳಿಗೆ ನೆನಪಿತ್ತು. ಒಂದೊಂದು ಸಲವೂ ಹಬ್ಬದ ಹಾಗೆ. ಕನ್ನಡಿಯ ಮುಂದೆ ಅಮ್ಮ ಸೊಂಟದ ಬಟ್ಟೆ ಹಿಡಿದು, ಇಲ್ಲಿ ಸ್ವಲ್ಪ ಹಿಡಿ ಅನ್ನುವುದು, ತಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಶಭಾಷ್ ಎಂದು ಕಣ್ಣಲ್ಲಿ ಹೇಳುವುದು. ಅಮ್ಮನ ಎಡಗೈ ಪಕ್ಕೆಲುಬಿನ ಕೆಳಗೆ ಯಾಕಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

ಪುಟ ಸಿಕ್ಕಿತು. ಮೊದಲ ಸಾಲು ಅವಳದೇ ಕೈಬರಹ, ಇಪ್ಪತ್ತರ ಹರೆಯದ ದುಂಡು ಅಕ್ಷರ: ಅಕ್ಟೋಬರ್ ಒಂಬತ್ತು. ಹಸಿರು ಕೋಟು, ಸೊಂಟ ಮುಕ್ಕಾಲು ಇಂಚು. ಬಟ್ಟೆ ಜಗ್ಗಿದೆ.

ಅವಳು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆರೆದಳು. ಕಂದು ಕಾಗದದ ಮೇಲಿನ ತಾರೀಖು ಅದೇ ವರ್ಷದ ಡಿಸೆಂಬರ್ ಮೂರು.

ಎರಡು ತಿಂಗಳು. ಎರಡು ತಟ್ಟೆ ಹಿಡಿಯುವುದಕ್ಕೂ ಎರಡು ತಿಂಗಳು ಮೊದಲೇ ಅಮ್ಮ ಕರಗತೊಡಗಿದ್ದಳು. ಇಬ್ಬರು ಟೈಲರುಗಳು, ಟೇಪು ಹಿಡಿದುಕೊಂಡು, ಮೈ ಇಳಿದಿದೆ ಎಂದು ಯೋಚಿಸಲಿಲ್ಲ; ಉಣ್ಣೆ ಜಗ್ಗಿದೆ ಎಂದು ಬರೆದುಕೊಂಡರು. ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. ಅಮ್ಮ ಪಥ್ಯ ಹಿಡಿದದ್ದು ಸಣ್ಣಗಾಗಲು ಅಲ್ಲವೇ ಅಲ್ಲ. ಏನು ತಿಂದರೂ ಹೊಟ್ಟೆ ಉಬ್ಬುತ್ತದೆ, ನಾಲ್ಕು ತುತ್ತಿಗೇ ತುಂಬುತ್ತದೆ ಎಂದು ಹಿಡಿದದ್ದು. ಸಣ್ಣಗಾದ ಮೇಲೆ ಎಲ್ಲರೂ ಹೊಗಳಿದರು. ಹೊಗಳಿಕೆಯಲ್ಲಿ ಉಬ್ಬರ ಮರೆತುಹೋಯಿತು. ಮೊಟ್ಟೆಯ ಭಾರ ಎದೆಯಿಂದ ಇಳಿಯಿತು. ಅದು ಇಳಿದ ಜಾಗಕ್ಕೆ ಆರು ಹೊಲಿಗೆ ಬಂದು ಕೂತವು.

ಬುಧವಾರ ಅವಳು ಅಂಗಡಿಯ ಬಾಗಿಲು ತೆರೆಯಲಿಲ್ಲ. ನಾಲ್ಕು ಗಂಟೆಗೆ ಮಗಳನ್ನು ಕರೆದು ಕತ್ತರಿಸುವ ಮೇಜಿನ ಮುಂದೆ ಕೂರಿಸಿದಳು. ಹಸಿರು ಕೋಟನ್ನು ಒಳಮೈ ಹೊರಗೆ ಮಾಡಿ ಹಾಸಿದಳು. ಸೊಂಟದ ಎರಡೂ ಬದಿ ಒಂದರ ಪಕ್ಕ ಒಂದು ಆರು ಸಾಲು ಹೊಲಿಗೆ. ಸಣ್ಣ ಕತ್ತರಿಯಿಂದ ಒಂದೊಂದನ್ನೇ ಬಿಚ್ಚುತ್ತ ಹೋದಳು, ಪ್ರತಿ ಸಾಲಿಗೂ ಪುಸ್ತಕದಿಂದ ತಾರೀಖು ಓದಿ ಹೇಳುತ್ತ. ಇದಕ್ಕೆ ಬೇಕರಿಯವನ ಹೆಂಡತಿ ಹೊಗಳಿದ್ದಳು. ಇದಕ್ಕೆ ನಾನೇ ಚಪ್ಪಾಳೆ ಹೊಡೆದಿದ್ದೆ. ಇದನ್ನು ಹೊಲಿಯುವಾಗ ಅಜ್ಜಿಗೆ ಮಹಡಿ ಹತ್ತೋಕೆ ಆಗ್ತಿರಲಿಲ್ಲ. ಕತ್ತರಿಸದೆ ಬಿಟ್ಟಿದ್ದ ಬಟ್ಟೆ ಮಡಿಕೆ ಮಡಿಕೆಯಾಗಿ ಹೊರಬಂತು, ಬಿಸಿಲು ಕಾಣದೆ ಹೊಸದರ ಹಾಗೆ ಗಾಢ ಹಸಿರು. ಕೊನೆಯ ಎಳೆ ಕಿತ್ತಾಗ ಕೋಟು ಮೇಜಿನ ಮೇಲೆ ಅಗಲವಾಗಿ, ಒಬ್ಬ ಗಟ್ಟಿಮುಟ್ಟಾದ ಹೆಂಗಸಿನದಾಗಿ ಬಿದ್ದಿತ್ತು. ಅಜ್ಜಿಯನ್ನು ಫೋಟೋದಲ್ಲೂ ಆ ಗಾತ್ರದಲ್ಲಿ ಹುಡುಗಿ ನೋಡಿರಲಿಲ್ಲ.

“ಇವಳು ನಮ್ಮಮ್ಮ” ಎಂದಳು ಟೈಲರಮ್ಮ. “ನೀನು ಹಾಕ್ಕೊಂಡು ನೋಡ್ತಿದ್ದದ್ದು ನಮ್ಮಮ್ಮನ ಕಾಯಿಲೇನ.”

ಹುಡುಗಿ ಹೊಲಿಗೆಯ ತೂತುಗಳ ಮೇಲೆ ಬೆರಳಾಡಿಸುತ್ತ ಕೂತಳು.

ಆರು ಗಂಟೆಗೆ ಟೈಲರಮ್ಮ ಆಲೂಗಡ್ಡೆ ಬೇಯಿಸಿ ಹಿಸುಕಿದಳು. ಬೆಣ್ಣೆ ಹಾಕಿದಳು. ಮೊಟ್ಟೆ ಒಡೆಯುವಾಗ ಚಿಪ್ಪಿನ ಚೂರೊಂದು ಒಳಗೆ ಬಿತ್ತು. ಅದನ್ನು ಬೆರಳಲ್ಲೇ ತೆಗೆದಳು. ಹತ್ತೊಂಬತ್ತು ವರ್ಷದ ಹಿಂದೆ ಕಾಣದಂತೆ ಕಲಸಿದ್ದವಳು ಇವತ್ತು ಮೊಟ್ಟೆಯನ್ನು ಹಳದಿ ಹಳದಿಯಾಗಿ ಕಾಣುವ ಹಾಗೇ ಬಿಟ್ಟಳು. ಮಾರುಕಟ್ಟೆಯಿಂದ ತರಿಸಿ ಬೇಯಿಸಿದ್ದ ಹುರುಳಿಕಾಯಿ ಕಾಳನ್ನು ಪಕ್ಕಕ್ಕೆ ಹಾಕಿ, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ತಂದು ಮೇಜಿನ ನಡುವೆ ಇಟ್ಟಳು. ಡ್ಯೂಟಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ, ತಮಾಷೆಯೊಂದನ್ನು ನುಂಗಿಕೊಂಡು ಸದ್ದಿಲ್ಲದೆ ಕುರ್ಚಿ ಎಳೆದು ಕೂತ.

ಮಗಳು ಕೈ ತೊಡೆಯ ಮೇಲಿಟ್ಟುಕೊಂಡಿದ್ದಳು. “ನೀನು ಯಾವತ್ತೂ ತಿಂದಿಲ್ಲವಲ್ಲ” ಎಂದಳು. “ನನಗೆ ಮಾತ್ರ ಯಾಕೆ?”

ಆ ಪ್ರಶ್ನೆ ಬರುತ್ತದೆ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಮುಂದಿನ ಕೋಣೆಯಲ್ಲಿ ಏನೋ ಕಿರ್ರೆಂದಿತು. ಗಾಲಿ ಇರಬಹುದು, ನೆಲ ಇಳಿಜಾರು. ಬರಿ ಮೈಯ ಬೊಂಬೆ ಬಾಗಿಲಿನ ಚೌಕಟ್ಟಿನೊಳಗೆ ಅರ್ಧ ಕಾಣುತ್ತಿತ್ತು, ಎದೆ ಈ ಕಡೆಗೆ. ಅದರಿಂದ ಅವಳು ಕಣ್ಣು ಕೀಳಲಿಲ್ಲ. ಚಮಚ ತುಂಬಿಕೊಂಡು ಬಾಯಿಗಿಟ್ಟಳು. ಬೆಚ್ಚಗಿತ್ತು, ಉಪ್ಪು ಸ್ವಲ್ಪ ಕಡಿಮೆ. ನುಂಗಿದಳು. ಮಗಳು ತಾಯಿಯ ಗಂಟಲನ್ನೇ ನೋಡುತ್ತಿದ್ದಳು, ಒಳಗಿಳಿದದ್ದು ಏನು ಮಾಡುತ್ತದೆಂದು. ಎರಡನೆಯ ಚಮಚ. ಮೂರನೆಯದು. ನಾಲ್ಕನೆಯದು. ಐದನೆಯದಕ್ಕೆ ಕೈ ಗಾಳಿಯಲ್ಲೇ ನಿಂತಿತು. ಏನು ಹಾಕಿದೀಯ ಇದಕ್ಕೆ ಎಂಬ ದನಿ ಕಿವಿಯ ಹತ್ತಿರವೇ ಬಂದು ನಿಂತಿತು. “ಮೊಟ್ಟೆ ಹಾಕಿದೀನಮ್ಮ” ಎಂದಳು ಟೈಲರಮ್ಮ, ಎಲ್ಲರಿಗೂ ಕೇಳುವಂತೆ, ಮತ್ತು ಐದನೆಯದನ್ನೂ ತಿಂದಳು.

ಅಷ್ಟರಲ್ಲಿ ಕಪಾಟಿನ ಮೇಲಿನ ಗಡಿಯಾರ ಗಂಟಲು ಕಟ್ಟಿದ ದನಿಯಲ್ಲಿ ಕೆರೆಯತೊಡಗಿತು. ಮಧ್ಯಾಹ್ನ ಮಗಳೇ ಕೀ ಕೊಟ್ಟಿದ್ದಳು. ಯಾರೂ ಎದ್ದು ಅದನ್ನು ನಿಲ್ಲಿಸಲಿಲ್ಲ. ಅದು ಕೆರೆದು ಕೆರೆದು, ಕೀ ಮುಗಿದು, ತಾನಾಗಿ ಸುಮ್ಮನಾಯಿತು.

ಹುಡುಗಿ ಚಮಚ ಎತ್ತಿಕೊಂಡಳು. ಬಹಳ ಹೊತ್ತು ಹಿಡಿದುಕೊಂಡೇ ಇದ್ದು, ಅರ್ಧ ಚಮಚ ಬಾಯಿಗಿಟ್ಟಳು. ಅಳುತ್ತಲೇ ಜಗಿದಳು. ಒಟ್ಟು ಮೂರು ಚಮಚ ತಿಂದಳು, ನಾಲ್ಕು ಕಾಳು ತಿಂದಳು. ಉಳಿದದ್ದನ್ನು ಅಪ್ಪ ತನ್ನ ಕಡೆ ಎಳೆದುಕೊಂಡ.

ಅಮ್ಮನಿಗೆ ಕೊಟ್ಟಿದ್ದ ಮಾತು ಆ ಬುಧವಾರ ಸಂಜೆ ಆರೂ ಮುಕ್ಕಾಲಿಗೆ ಮುರಿಯಿತು.